ಇಳಿಸುವ ಕೆಲಸ

ಅದಕ್ಕೆ ಟೆನಿಸ್ ಮೊಣಕೈ ಎಂದು ಹೆಸರಂತೆ.
ನಕ್ಕುಬಿಟ್ಟೆ. ವಾಲ್ಪರಾಯಿಸೋದ ಈ ಗುಡ್ಡದಲ್ಲಿ
ಚೆಂಡು ಕೈತಪ್ಪಿದರೆ ಸಮುದ್ರದಲ್ಲೇ ನಿಲ್ಲುವುದು,
ಇಲ್ಲಿ ಟೆನಿಸ್ ಆಡುವವರು ಯಾರು?

ಇಪ್ಪತ್ತಾರು ವರ್ಷ ತಗಡಿನ ಗೋಡೆಗಳಿಗೆ ಬಣ್ಣ ಬಳಿದವಳು ನಾನು.
ಹಳದಿ ಮನೆ, ಪಕ್ಕದಲ್ಲಿ ನೀಲಿ, ಅದರ ನೆತ್ತಿಯ ಮೇಲೆ
ಯಾರದೋ ಮದುವೆಗೆಂದು ಅವಸರದಲ್ಲಿ ಬಳಿಸಿದ ದಾಳಿಂಬೆ ಕೆಂಪು.
ಉಪ್ಪುಗಾಳಿ ಐದೇ ವರ್ಷಕ್ಕೆ ಎಲ್ಲವನ್ನೂ ನೆಕ್ಕುತ್ತದೆ.
ನೆಕ್ಕಲಿ. ಕೈಗೆ ಬಣ್ಣ ಮೆತ್ತಿದರೇ ಬಾಯಿಗೆ ಬ್ರೆಡ್ಡು.
ತಗಡಿನ ಏಣು, ತಗ್ಗು, ಏಣು, ತಗ್ಗು,
ಮಣಿಕಟ್ಟು ತಿರುಗುತ್ತಲೇ ಇರಬೇಕು.

ಮೊದಲು ಅದು ಬಂದದ್ದು ಕೆಟಲಿನೊಳಗಿಂದ.
ಸಂಜೆಯ ಚಹಾಕ್ಕೆ ನೀರು ಬಗ್ಗಿಸುವಾಗ
ಮೊಣಕೈಯ ಹೊರಗುಬ್ಬಿನಲ್ಲಿ ಒಂದು ಕಿಡಿ.
ಆಮೇಲೆ ಬೀಗದಲ್ಲಿ, ಜಾಮಿನ ಮುಚ್ಚಳದಲ್ಲಿ,
ಹಿಂಡಲೇಬೇಕಾದ ಒರೆಸುಬಟ್ಟೆಯಲ್ಲಿ,
ಪಾದ್ರಿಯ ಕೈಕುಲುಕಿನಲ್ಲಿ
(ಒಳ್ಳೆಯ ಮನುಷ್ಯ, ಹಿಡಿತ ಮಾತ್ರ ಇಕ್ಕಳ).
ಮನೆಯ ಯಾವ ಸಾಮಾನು ಎಷ್ಟು ತೂಕವೆಂದು
ನೋವು ಒಂದೊಂದಾಗಿ ಲೆಕ್ಕ ಒಪ್ಪಿಸಿತು.

ಹೆಪ್ಪುಗಟ್ಟಿದ ಬಟಾಣಿ ಚೀಲ ಇಟ್ಟೆ.
ಮೂರು ಸಲ ಕರಗಿ, ಮೂರು ಸಲ ಕಲ್ಲಾಗಿ
ಕೊನೆಗೆ ಸೂಪಾಯಿತು.
ಮೇಲ್ಮನೆಯ ಒತೀಲಿಯಾ ರೋಸ್ಮರಿ ನೆನೆಸಿದ ಸಾರಾಯಿ ತಿಕ್ಕಿದಳು.
ತಿಕ್ಕಿದಷ್ಟು ಹೊತ್ತು ಸುಖ.
ಆರು ವಾರ ಕುಂಚ ಮುಟ್ಟದೆ ಕೂತೆ:
ಕೈ ಸೊರಗಿತು, ನೋವು ಸೊರಗಲಿಲ್ಲ.

ಸರಕಾರಿ ಕ್ಲಿನಿಕ್ಕಿನ ಯಾಸ್ನಾ ನನ್ನ ಮಗಳಿಗಿಂತ ಚಿಕ್ಕವಳು.
ಮುಂದೋಳನ್ನು ಮೇಜಿನಂಚಿಗೆ ಒರಗಿಸಿ, ಅಂಗೈ ಕೆಳಗೆ ಮಾಡಿಸಿ,
ಒಂದು ಪೀಚ್ ಹಣ್ಣಿನ ಡಬ್ಬಿ ಹಿಡಿಸಿದಳು.
‘ಎತ್ತಬೇಡಿ, ದೋನ್ಯಾ ಎರ್ಮೀನಿಯಾ.
ಎತ್ತುವುದನ್ನು ಎಡಗೈಗೆ ಬಿಡಿ. ಬಲಗೈ ಬರೀ ಇಳಿಸಲಿ.
ನಿಧಾನ. ಐದರವರೆಗೆ ಎಣಿಸಿ.’
ನೋಯುತ್ತದಲ್ಲ?
‘ನೋವು ಗೊಣಗಿದರೆ ಗೊಣಗಲಿ. ಕಿರುಚಿದರೆ ನಿಲ್ಲಿಸಿ.’
ಎಷ್ಟು ದಿನ?
‘ಮೂರು ತಿಂಗಳು,’ ಎಂದಳು, ಬಸ್ಸಿನ ಹೊತ್ತು ಹೇಳಿದ ಹಾಗೆ.

ಹುಟ್ಟಿದಂದಿನಿಂದ ಎತ್ತಿದ್ದೇ ಎತ್ತಿದ್ದು.
ಏಣಿ, ಬಕೆಟ್ಟು, ಮಗಳು, ಕುಡಿದು ಬಿದ್ದ ಅಣ್ಣ.
ಎತ್ತಿದ್ದಕ್ಕೆ ಕೂಲಿ ಸಿಕ್ಕಿದೆ, ಹೊಗಳಿಕೆಯೂ ಸಿಕ್ಕಿದೆ.
ಇಳಿಸುವುದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ.
ಇಳಿಸುವುದೆಂದರೆ ಕೈಬಿಡುವುದು,
ಅಷ್ಟೇ ಗೊತ್ತಿತ್ತು.

ಅಡುಗೆಮನೆಯ ಕಿಟಕಿಯಿಂದ ಗುಡ್ಡದ ಲಿಫ್ಟು ಕಾಣುತ್ತದೆ,
ಒಂದೇ ಹಗ್ಗದ ಎರಡು ಮರದ ಪೆಟ್ಟಿಗೆ.
ಒಂದು ಕೆಳಗೆ ಬಂದರೇ ಇನ್ನೊಂದು ಮೇಲೆ.
ಅವಕ್ಕೆ ಎರಡು ಸಲ ನಾನೇ ಬಣ್ಣ ಹೊಡೆದಿದ್ದೇನೆ;
ಇಳಿಯುವುದರ ಭಾರವೇ ಏರುವುದರ ಬಲವೆಂದು
ಈ ಡಬ್ಬಿ ಹಿಡಿದು ಕೂತ ಮೇಲೆ ಕಂಡಿತು.

ನಾಲ್ಕನೆಯ ವಾರ ಇನ್ನೂ ಹೆಚ್ಚಾಯಿತು.
ರೇಗಿ ಡಬ್ಬಿಯನ್ನು ಬಾಗಿಲಾಚೆ ಎಸೆದೆ,
ಎಡಗೈಯಲ್ಲಿ.
ನೂರಾರು ಮೆಟ್ಟಿಲು ಡಣ ಡಣ ಉರುಳಿಹೋಯಿತು.
ಸಂಜೆ ನಹುಯೆಲ್, ಕೆಳಮನೆಯ ಹುಡುಗ, ತಂದುಕೊಟ್ಟ:
‘ನಿಮ್ಮದಾ? ಸೊಟ್ಟಗಾಗಿದೆ.’
ಸೊಟ್ಟಗಾದ ಕಡೆ ಬೆರಳು ಚೆನ್ನಾಗಿ ಕೂತವು.

ಹತ್ತನೆಯ ವಾರವೋ, ಹನ್ನೊಂದೋ.
ಚಹಾ ಬಗ್ಗಿಸಿದೆ, ಕುಡಿದೆ, ಲೋಟ ತೊಳೆದಿಟ್ಟೆ.
ಆಮೇಲೆ ನಿಂತುಬಿಟ್ಟೆ:
ಕೆಟಲನ್ನು ಎತ್ತಿದ್ದು ಯಾವ ಕೈ?
ಬಂದಾಗ ಬಾಗಿಲು ಒಡೆದು ಬಂದದ್ದು
ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಿತ್ತು.

ಸೋಮವಾರದಿಂದ ಹಸಿರು ಮನೆಯ ಕೆಲಸ.
ದಿನಕ್ಕೆ ಎರಡೇ ಗಂಟೆ, ಉದ್ದ ಕೋಲಿನ ರೋಲರು,
ನಡುವೆ ಬಿಸಿಲಿಗೆ ಕೂತು ಬೆರಳು ಬಿಚ್ಚುವುದು.
ಪಾದ್ರಿಗೆ ದೂರದಿಂದಲೇ ನಮಸ್ಕಾರ.
ಡಬ್ಬಿಯನ್ನು ಇನ್ನೂ ತೆರೆದಿಲ್ಲ.
ನಹುಯೆಲ್ ದಿನಾ ಕೇಳುತ್ತಾನೆ.
ತಾರೀಖು ನೋಡು ಮಗು, ಎನ್ನುತ್ತೇನೆ,
ಮುಂದಿನ ಮಾರ್ಚಿನವರೆಗೂ ಕೆಡುವುದಿಲ್ಲ.